ಕಾಲರ್ ಕಳಚಿದ ಪದ

ಕ್ರೀಮಿನ ಡಬ್ಬಿ ತಿರುಗಿಸಿ ಓದುತ್ತಿದ್ದೆ. ಮುಖಕ್ಕೆ, ಕತ್ತಿಗೆ, ಆಮೇಲೆ 'ದೇಕೊಲ್ತೆ'ಗೆ ಹಚ್ಚಿ ಎಂದಿತ್ತು. ಕತ್ತಿನ ಬುಡದಿಂದ ಎದೆಯ ಮೇಲ್ಭಾಗದವರೆಗೆ, ತಗ್ಗು ಕತ್ತಿನ ಉಡುಪು ಮುಚ್ಚದೆ ಬಿಡುವ ಜಾಗ ಅದು. ಬಟ್ಟೆಗೆ ಹುಟ್ಟಿದ ಹೆಸರು ಮೈಗೇ ಅಂಟಿಕೊಂಡಿದೆ.

ಫ್ರೆಂಚಿನಲ್ಲಿ 'ಕೊಲೆ' ಎಂದರೆ ಕೊರಳಪಟ್ಟಿ. ಗಾಬರಿ ಬೇಡ, ಲ್ಯಾಟಿನ್ನಿನಲ್ಲಿ ಕತ್ತಿಗಿದ್ದ 'ಕೊಲ್ಲುಮ್' ಎಂಬ ಪದದಿಂದ ಬಂದದ್ದು. ನಮ್ಮ ಅಂಗಿಯ ಕಾಲರ್ ಕೂಡ ಅದೇ ಮನೆತನದ್ದು. ಮುಂದಿನ 'ದೇ' ತೆಗೆದುಹಾಕಿದ್ದನ್ನು ಹೇಳುತ್ತದೆ. ಅಂದರೆ ದೇಕೊಲ್ತೆ ಎಂದರೆ ಕಾಲರ್ ತೆಗೆದದ್ದು, ದೇಕೊಲ್ತಾಜ್ ಎಂದರೆ ತೆಗೆಯುವ ಕೆಲಸ. ಕಂಡದ್ದೇನು ಎಂಬುದರ ಬಗ್ಗೆ ಪದ ತುಟಿ ಬಿಚ್ಚುವುದಿಲ್ಲ, ಕತ್ತರಿಸಿದ್ದೇನು ಎಂದಷ್ಟೇ ಹೇಳುತ್ತದೆ. ನನ್ನ ರವಿಕೆ ಹೊಲಿಯುವವರೂ ಹಾಗೆಯೇ. ಟೇಪು ಹಿಡಿದು, "ಮುಂದೆ ಕತ್ತು ಏಳಿಂಚು ಇಡ್ಲಾ ಮೇಡಂ, ಇನ್ನರ್ಧ ಇಳಿಸ್ಲಾ?" ಎನ್ನುತ್ತಾರೆ. ಇಳಿಯುವುದು ಬಟ್ಟೆ, ಮಾತಿನಲ್ಲಿ ಇಳಿಯುವುದು ಕತ್ತು!

ನಾಚಿಕೆಯೆಲ್ಲ ನೋಡುವವರದು, ಅದೂ ಕಾಲಕ್ಕೊಂದು ಬಗೆ. ವಿಕ್ಟೋರಿಯಾ ರಾಣಿಯ ದರ್ಬಾರಿಗೆ ಹೋಗುವ ಹೆಂಗಸರು ತಗ್ಗು ಕತ್ತಿನ ಗೌನನ್ನೇ ತೊಡಬೇಕಿತ್ತು. ಮೈ ಹುಷಾರಿಲ್ಲದವರು ಕತ್ತು ಮುಚ್ಚಿಕೊಂಡು ಬರಬೇಕೆಂದರೆ ಮೊದಲೇ ಅಪ್ಪಣೆ ಪಡೆಯಬೇಕಿತ್ತು. ನಮ್ಮ ಅಜ್ಜಿಯರಿಗೆ ಈ ನಿಯಮ ಹೇಳಿದ್ದರೆ ನಂಬುತ್ತಿರಲಿಲ್ಲ.

1884ರಲ್ಲಿ ಪ್ಯಾರಿಸ್ಸಿನ ಸಲೋನ್ ಪ್ರದರ್ಶನದಲ್ಲಿ ಜಾನ್ ಸಿಂಗರ್ ಸಾರ್ಜೆಂಟ್ ಒಂದು ಚಿತ್ರ ಇಟ್ಟ. ಕಪ್ಪು ಗೌನು, ಸುಣ್ಣದಂಥ ಬಿಳಿ ಮೈ, ಪಕ್ಕಕ್ಕೆ ತಿರುಗಿಸಿದ ಮುಖ: ಈಗ 'ಮೇಡಂ ಎಕ್ಸ್' ಎಂದು ಹೆಸರಾದ ವರ್ಜಿನಿ ಗೋತ್ರೋ. ಊರೆಲ್ಲ ಗುಲ್ಲು. ಆದರೆ ಸಂಜೆಯ ಕೂಟಗಳಲ್ಲಿ ತಗ್ಗು ಕತ್ತು ಆಗ ದಿನನಿತ್ಯದ್ದು. ಜನ ಹೆಚ್ಚು ಕೆರಳಿದ್ದು ಬಲಭುಜದಿಂದ ಜಾರಿದ್ದ, ಒಡವೆಯಂಥ ಸಣ್ಣ ಪಟ್ಟಿಗೆ. ಸಾರ್ಜೆಂಟ್ ಆಮೇಲೆ ಆ ಪಟ್ಟಿಯನ್ನು ಭುಜದ ಮೇಲೆ ಏರಿಸಿ ಬರೆದ. ಚಿತ್ರವೀಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಪಟ್ಟಿ ಮೇಲಿದೆ, ಕತ್ತು ಇದ್ದಷ್ಟೇ ತಗ್ಗಿದೆ. ನಾಲ್ಕು ಬೆರಳಿನ ಬಟ್ಟೆಗಿಂತ ಒಂದು ದಾರದ ಜಾಗ ಮುಖ್ಯವಾಯಿತಲ್ಲ ಎಂದು ನನಗೆ ಇವತ್ತಿಗೂ ಸೋಜಿಗ.

ಇಂಗ್ಲಿಷಿಗೆ ಹೋದ ಮೇಲೆ ಪದ ಮೆಲ್ಲಗೆ ಸೆಂಟು ಹಚ್ಚಿಕೊಂಡು ಫ್ಯಾಷನ್ ಪತ್ರಿಕೆಗಳಲ್ಲೇ ಉಳಿದುಬಿಟ್ಟಿತು. ತವರಿನಲ್ಲಿ ಅದು ಇನ್ನೂ ಕೂಲಿಗೆ ಹೋಗುತ್ತದೆ. ಸಕ್ಕರೆ ಬೀಟಿನ ಗೆಡ್ಡೆಗೂ ಸೊಪ್ಪಿಗೂ ನಡುವೆ ಇರುವ ಕತ್ತನ್ನು ಕೊಯ್ದು ಹಾಕುವುದು ದೇಕೊಲ್ತಾಜ್. ಲೋಹದ ಸರಳನ್ನು ಲೇತಿಗೆ ಕೊಟ್ಟು ತಿರುಪು, ಗಡಿಯಾರದ ಚೂರುಪಾರು ಕಡೆಯುವುದೂ ದೇಕೊಲ್ತಾಜ್. ಮೋಂಬ್ಲಾಂ ಪರ್ವತದ ಬಳಿಯ ಆರ್ವ್ ಕಣಿವೆ ಈ ಕಸುಬಿಗೇ ಹೆಸರುವಾಸಿ. ಅಲ್ಲಿನ ಕ್ಲೂಜ್ ಪಟ್ಟಣದಲ್ಲಿ ಯಾರಾದರೂ "ನಮ್ಮಪ್ಪನದು ದೇಕೊಲ್ತಾಜ್" ಎಂದರೆ ಕೆನ್ನೆ ಕೆಂಪು ಮಾಡಿಕೊಳ್ಳಬೇಡಿ. ಅಪ್ಪ ಸಂಜೆ ಮನೆಗೆ ಬರುವಾಗ ಕೈಗೆ ಎಣ್ಣೆ ಮೆತ್ತಿರುತ್ತದೆ.