ವಾಹನಗಳ ಜಾಲದಲ್ಲಿ ನಂಬಿಕೆ ಮತ್ತು ಸುಳ್ಳು ಸಂದೇಶ

ವಾಹನಗಳು ಒಂದರೊಡನೊಂದು ಮಾತಾಡಲೆಂದು ಅಮೆರಿಕದ ಸಂವಹನ ಆಯೋಗವು 1999ರಲ್ಲಿ 5.9 ಗಿಗಾಹರ್ಟ್ಸ್ ಆಸುಪಾಸಿನ 75 ಮೆಗಾಹರ್ಟ್ಸ್ ತರಂಗಪಟ್ಟಿಯನ್ನು ಮೀಸಲಿಟ್ಟಿತು. ಪ್ರತಿ ಕಾರೂ ತಾನಿರುವ ಜಾಗ, ವೇಗ, ದಿಕ್ಕನ್ನು ಸೆಕೆಂಡಿಗೆ ಹತ್ತು ಸಲ ಸಾರುತ್ತಿರಬೇಕು, ಸುತ್ತಲಿನವು ಅದನ್ನು ಕೇಳಿ ಅಪಘಾತ ತಪ್ಪಿಸಬೇಕು ಎಂಬುದು ಯೋಜನೆ.

ಸಾರುವ ಕಾರು ಸುಳ್ಳು ಹೇಳಿದರೆ? ಒಂದೇ ಉಪಕರಣವು ಹತ್ತಾರು ಕಾರುಗಳ ವೇಷ ಹಾಕಿ, ಇಲ್ಲದ ದಟ್ಟಣೆಯನ್ನು ಸೃಷ್ಟಿಸಬಹುದು. ಇದಕ್ಕೆ ಗೊಲ್, ಗ್ರೀನ್, ಸ್ಟ್ಯಾಡನ್ ಎಂಬ ಸಂಶೋಧಕರು 2004ರಲ್ಲಿ ಒಂದು ದಾರಿ ಸೂಚಿಸಿದರು: ಬಂದ ಸಂದೇಶಗಳು ಪರಸ್ಪರ ಹೊಂದದಿದ್ದಾಗ, ಆ ಗೊಂದಲಕ್ಕೆ ಅತಿ ಸರಳವಾದ ವಿವರಣೆ ಯಾವುದೆಂದು ಕಾರೇ ಹುಡುಕಬೇಕು. ಮರುವರ್ಷ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ರಾಯಾ ಮತ್ತು ಹ್ಯೂಬೊ ಡಿಜಿಟಲ್ ಸಹಿಯ ವ್ಯವಸ್ಥೆಯನ್ನು ವಿವರಿಸಿದರು. ಸಹಿಯಿಂದ ಹೊರಗಿನವರ ಕೈವಾಡ ತಪ್ಪುತ್ತದೆ. ಆದರೆ ಕೆಟ್ಟುಹೋದ ಸಂವೇದಕವಿರುವ ಕಾರು ಕೂಡ ಸರಿಯಾದ ಸಹಿ ಹಾಕಿಯೇ ತಪ್ಪು ಮಾಹಿತಿ ಕಳಿಸುತ್ತದೆ. ಕೆಲವೇ ಕ್ಷಣ ಎದುರಾಗುವ ಕಾರುಗಳ ನಡುವೆ ಹಳೆಯ ಪರಿಚಯದ ಬಲವೂ ಇರುವುದಿಲ್ಲ. ಹಾಗಾಗಿ 2008ರಲ್ಲಿ ರಾಯಾ ಮತ್ತು ಸಂಗಡಿಗರು, ಕಳಿಸಿದವರಿಗಿಂತ ಸುದ್ದಿಯನ್ನೇ ತೂಗಬೇಕೆಂದು ವಾದಿಸಿದರು. ಹಲವು ಸಾಕ್ಷ್ಯಗಳನ್ನು ಕೂಡಿಸಿ ನೋಡಲು ಸಂಭವನೀಯತೆಯ ಗಣಿತವನ್ನು ಬಳಸಿದರು.

ಇನ್ನೂ ಕಠಿಣವಾಗಿದ್ದದ್ದು ಖಾಸಗಿತನದ ಪ್ರಶ್ನೆ. ಸಹಿಯನ್ನು ದೃಢಪಡಿಸಲು ಸದಾ ಒಂದೇ ಪ್ರಮಾಣಪತ್ರ ಬಳಸಿದರೆ ಚಾಲಕನ ಓಡಾಟವೆಲ್ಲ ಬಯಲಾಗುತ್ತದೆ. ಹಲವು ಗುಪ್ತನಾಮ ಕೊಟ್ಟರೆ ವಂಚಕನಿಗೆ ಹಲವು ವೇಷ ಸಿಕ್ಕಂತಾಗುತ್ತದೆ. ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಪ್ರಮಾಣಪತ್ರ ವ್ಯವಸ್ಥೆಯ ವಿನ್ಯಾಸವು ಈ ಇಕ್ಕಟ್ಟಿಗೆ ಕೊಟ್ಟ ಉತ್ತರ ನಿಜಕ್ಕೂ ಜಾಣತನದ್ದು. ಒಂದು ಕಾರಿನ ಪೂರ್ಣ ಗುರುತು ಯಾವ ಒಂದು ಕಚೇರಿಗೂ ತಿಳಿಯದಂತೆ ಕೆಲಸವನ್ನು ಹಂಚಲಾಯಿತು. ತಪ್ಪಿತಸ್ಥ ಕಾರು ಪತ್ತೆಯಾದಾಗ ಪ್ರಕಟಿಸುವ ಬೀಜಸಂಖ್ಯೆಯಿಂದ ಅದರ ಮುಂದಿನ ಪ್ರಮಾಣಪತ್ರಗಳನ್ನೆಲ್ಲ ಗುರುತಿಸಬಹುದು, ಹಿಂದಿನ ಪ್ರಯಾಣಗಳು ಮಾತ್ರ ಗುಟ್ಟಾಗಿಯೇ ಉಳಿಯುತ್ತವೆ. ಯುರೋಪ್ ಬೇರೆ ಹಾದಿ ಹಿಡಿಯಿತು: ಅಲ್ಲಿ ತಪ್ಪಿತಸ್ಥ ಕಾರಿನ ಕೈಯಲ್ಲಿರುವ ಅಲ್ಪಾವಧಿಯ ಪತ್ರಗಳನ್ನು ರದ್ದು ಮಾಡುವುದಿಲ್ಲ, ಹೊಸದನ್ನು ಕೊಡುವುದನ್ನು ನಿಲ್ಲಿಸಲಾಗುತ್ತದೆ.

ಸುಳ್ಳು ಪತ್ತೆಯ ವಿಧಾನಗಳನ್ನು ಸಂಶೋಧಕರು ಬಹುಕಾಲ ತಮ್ಮತಮ್ಮ ಗಣಕ ಅನುಕರಣೆಗಳಲ್ಲೇ ಪರೀಕ್ಷಿಸುತ್ತಿದ್ದರು. ಒಂದನ್ನು ಇನ್ನೊಂದಕ್ಕೆ ಹೋಲಿಸುವುದು ಕಷ್ಟವಾಗಿತ್ತು. ಜರ್ಮನಿಯ ಉಲ್ಮ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ‘ವೆರೆಮಿ’ ದತ್ತಾಂಶವನ್ನು ಎಲ್ಲರಿಗೂ ತೆರೆದಿಟ್ಟಿತು. ಲಕ್ಸೆಂಬರ್ಗ್ ನಗರದ ಸಂಚಾರ ಮಾದರಿಯ ಮೇಲೆ ಕಟ್ಟಿದ ಅದರಲ್ಲಿ ಸ್ಥಾನದ ಕುರಿತ ಐದು ಬಗೆಯ ಸುಳ್ಳುಗಳಿದ್ದವು.

ಇಷ್ಟರಲ್ಲಿ ತರಂಗಪಟ್ಟಿಯೇ ಕುಗ್ಗಿತು. 2020ರಲ್ಲಿ ಆಯೋಗವು 45 ಮೆಗಾಹರ್ಟ್ಸ್ ಅನ್ನು ವೈಫೈಗೆ ಬಿಟ್ಟುಕೊಟ್ಟು, ಉಳಿದ 30ನ್ನು ಮೊಬೈಲ್ ತಂತ್ರಜ್ಞಾನ ಆಧಾರಿತ ವಾಹನ ಸಂಪರ್ಕಕ್ಕೆ ನೀಡಿತು. ಹೊಸ ಕಾರುಗಳಲ್ಲಿ ವಾಹನಗಳ ನಡುವಿನ ಸಂಪರ್ಕವನ್ನು ಕಡ್ಡಾಯಗೊಳಿಸುವ ಪ್ರಸ್ತಾವವನ್ನು ಅಮೆರಿಕ 2023ರಲ್ಲಿ ಹಿಂತೆಗೆದುಕೊಂಡಿತು.