ಚೀಟಿ ಧಣಿಯ ಪೆಟ್ಟಿಗೆಯಲ್ಲಿ, ಸಾಕ್ಷಿ ನೆರೆಯವರ ಬಾಯಲ್ಲಿ

‘ಡಿಕ್ಲರೇಶನ್ ಜಾಗ’ ಎಂಬ ಮಾತು ಮಂಗಳೂರಿನ ಹಳಬರಲ್ಲಿ ಈಗಲೂ ಉಳಿದಿದೆ. 1974ರ ಮಾರ್ಚ್ 1ರಂದು ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು ಗೇಣಿಯ ಭೂಮಿಯೆಲ್ಲ ಸರಕಾರಕ್ಕೆ ಸೇರಿತು. ಒಕ್ಕಲುಗಳು ಏಳನೇ ನಮೂನೆಯಲ್ಲಿ ಅರ್ಜಿ ಕೊಟ್ಟು ಅದನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು; ಹಾಗೆ ಸಿಕ್ಕಿದ್ದೇ ಡಿಕ್ಲರೇಶನ್ ಜಾಗ. ಅರ್ಜಿಯ ಗಡುವು ಮತ್ತೆ ಮತ್ತೆ ಮುಂದೆ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ದೇವರಾಜ ಅರಸರ ಕಾಲದ ಈ ಕೆಲಸವನ್ನು ಭೂಮಿ ಹಂಚಿದ ಕತೆಯಾಗಿ ಹೇಳುವುದು ರೂಢಿ. ಯಾರ ಮಾತಿಗೆ ಸಾಕ್ಷಿಯ ಬೆಲೆ ಸಿಗಬೇಕು ಎಂಬ ಹಳೆಯ ಜಗಳ ಅಲ್ಲಿ ಒಕ್ಕಲಿನ ಕಡೆಗೆ ತೀರ್ಮಾನವಾಯಿತು. ಅದರ ದೊಡ್ಡ ಗೆಲುವು ಇದೇ ಎಂದು ನನಗನಿಸುತ್ತದೆ.

ಕರಾವಳಿಯ ಚಾಲಗೇಣಿ ವರ್ಷದಿಂದ ವರ್ಷಕ್ಕೆ ನಡೆಯುತ್ತಿದ್ದ ಒಪ್ಪಂದ. ಮುಡಿಯ ಲೆಕ್ಕದಲ್ಲಿ ಅಕ್ಕಿ ಧಣಿಯ ಮನೆಗೆ ಹೋಗಬೇಕಿತ್ತು, ಧಣಿ ಮುನಿದರೆ ಗದ್ದೆಯ ಜೊತೆ ಮನೆಯನ್ನೂ ಬಿಟ್ಟು ಏಳಬೇಕಿತ್ತು. ಬಹಳ ಕಡೆ ಬರಹವೇ ಇರಲಿಲ್ಲ. ಇದ್ದರೂ ಅದು ಒಕ್ಕಲು ಧಣಿಗೆ ಬರೆದುಕೊಟ್ಟ ಗೇಣಿಚೀಟಿ, ಉಳಿಯುತ್ತಿದ್ದುದು ಧಣಿಯ ಪೆಟ್ಟಿಗೆಯಲ್ಲಿ. ಸಿವಿಲ್ ಕೋರ್ಟಿನಲ್ಲಿ ದಾಖಲೆ ಕೇಳಿದರೆ ಒಕ್ಕಲು ಬರಿಗೈಯವನು. ವಕೀಲರ ಫೀಸು ಬೇರೆ. ಕಾಯಿದೆ ಗೇಣಿಯ ತಕರಾರನ್ನು ಆ ಕೋರ್ಟಿನಿಂದ ತೆಗೆದು ಭೂ ನ್ಯಾಯಮಂಡಳಿಗೆ ಕೊಟ್ಟಿತು. ಅಸಿಸ್ಟೆಂಟ್ ಕಮಿಷನರರು ಅಧ್ಯಕ್ಷರು, ಸರಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಪ್ರವೇಶವಿರಲಿಲ್ಲ. ಯಾರು ಉತ್ತರು, ಯಾರು ನೇಜಿ ನೆಟ್ಟರು ಎಂದು ಪಕ್ಕದ ಗದ್ದೆಯವರು ಹೇಳುವ ಮಾತಿಗೆ ಅಲ್ಲಿ ತೂಕ ಬಂತು.

ಸದಸ್ಯರು ಪಕ್ಷದವರು, ಕಾನೂನು ಅರಿಯದವರು ಎಂಬ ಆಕ್ಷೇಪ ಆಗಲೇ ಎದ್ದಿತ್ತು, ಅದರಲ್ಲಿ ಹುರುಳೂ ಇತ್ತು. ಕಾರಣ ಬರೆಯದ, ಎದುರು ಪಕ್ಷವನ್ನು ಸರಿಯಾಗಿ ಕೇಳದ ಆದೇಶಗಳನ್ನು ಹೈಕೋರ್ಟು ರದ್ದುಮಾಡಿ ಮರುವಿಚಾರಣೆಗೆ ಕಳಿಸಿತು. 1987ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿದರೂ ವಕೀಲರ ಮೇಲಿನ ನಿಷೇಧವನ್ನು ತೆಗೆದುಹಾಕಿತು. ಆದರೆ ಆ ತಪ್ಪುಗಳು ತಿದ್ದಲು ಬರುವಂಥವು. ಚೀಟಿಯೇ ಇಲ್ಲದವನನ್ನು ಬಾಗಿಲಲ್ಲೇ ತಡೆಯುವ ಕೋರ್ಟಿನ ತಪ್ಪನ್ನು ಯಾವ ಮೇಲ್ಮನವಿ ತಿದ್ದೀತು? ಗೇಣಿಯನ್ನೇ ನಂಬಿದ್ದ ಸಣ್ಣ ಹಿಡುವಳಿದಾರರೂ ಭೂಮಿ ಕಳೆದುಕೊಂಡರು. ಅವರ ನೋವು ನಿಜವಾದದ್ದು, ಅದನ್ನು ಅಳಿಸಿ ಈ ಇತಿಹಾಸ ಬರೆಯಬಾರದು.

ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ಬೇರೆ. ಅರ್ಜಿ ಕೊಡಲು ಮೊದಲು ಗೇಣಿಯ ಒಕ್ಕಲಾಗಿರಬೇಕು. ಧಣಿಯ ಜಾಗದಲ್ಲಿ ಗುಡಿಸಲು ಹಾಕಿ ಕೂಲಿಗೆ ದುಡಿದ ಕೊರಗರು, ಮೊಗೇರರಲ್ಲಿ ಹೆಚ್ಚಿನವರಿಗೆ ಆ ಭಾಗ್ಯವೂ ಇರಲಿಲ್ಲ. ಕೃಷಿ ಕೂಲಿಗಾರರು ವಾಸವಿದ್ದ ಮನೆ, ಅದರ ಅಡಿಸ್ಥಳ ಅವರದಾಗಬಹುದೆಂದು 38ನೇ ಕಲಂ ಹೇಳಿತು, ಗದ್ದೆ ಮಾತ್ರ ದೂರವೇ ಉಳಿಯಿತು. ಕೃಷಿಭೂಮಿಯ ಕಾಯಿದೆ ನಗರದ ಮೂಲಗೇಣಿ, ಅಂದರೆ ಕಾಯಂ ಗೇಣಿಯ, ಮನೆಗಳನ್ನೂ ಮುಟ್ಟಲಿಲ್ಲ. ಆ ಮನೆಗಳ ಒಕ್ಕಲುಗಳಿಗಾಗಿ 2011ರಲ್ಲಿ ಬೇರೆಯೇ ಕಾಯಿದೆ ಬೇಕಾಯಿತು, ಅದರ ವಿರುದ್ಧ ಭೂಮಾಲಕರು ಹೈಕೋರ್ಟಿಗೆ ಹೋದರು.

ಇಂದು ಇದೇ ಮಂಗಳೂರಿನಲ್ಲಿ ಜಾತಿ, ಧರ್ಮ, ಊಟದ ಬಗೆ ಕೇಳಿ ಬಾಡಿಗೆ ಮನೆ ಇಲ್ಲ ಎಂದರೆ ಯಾವ ಮಂಡಳಿಗೆ ಹೋಗಬೇಕು? ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳನ್ನು ಹೆಸರಿಸುತ್ತದೆ, ಬಾಡಿಗೆ ಮನೆಯನ್ನಲ್ಲ. 2005ರಲ್ಲಿ ಸುಪ್ರೀಂ ಕೋರ್ಟು ಪಾರ್ಸಿಗಳ ಗೃಹ ಸಹಕಾರಿ ಸಂಘವೊಂದು ತನ್ನವರಿಗಷ್ಟೇ ಸದಸ್ಯತ್ವ ಕೊಡುವುದನ್ನು ಒಪ್ಪಿತು. ಬಾಡಿಗೆಯ ನಿರಾಕರಣೆಯೂ ಚಾಲಗೇಣಿಯಂತೆ ಬಾಯಿಮಾತಿನದು. ‘ಬೇರೆಯವರಿಗೆ ಮಾತು ಕೊಟ್ಟಾಗಿದೆ’ ಎಂಬ ಒಂದು ವಾಕ್ಯದಲ್ಲಿ ಮುಗಿಯುತ್ತದೆ, ಕಾಗದ ಹುಟ್ಟುವುದಿಲ್ಲ. ಇದಕ್ಕೊಂದು ದೂರಿನ ದಾರಿ ಮಾಡುವವರು ಮೊದಲು ತೆರೆದು ಓದಬೇಕಾದದ್ದು ಭೂ ನ್ಯಾಯಮಂಡಳಿಯ ಹಳೆಯ ಕಡತಗಳಲ್ಲಿರುವ ನೆರೆಯವರ ಹೇಳಿಕೆಗಳನ್ನು.