ಕೆಲಸಬಿಟ್ಟ ಸಿಲಿಂಡರಿನ ಶೋಧ: ಬಾಗಲಕೋಟೆ ಸೀಮೆಯ ಮೋಟಾರು ಚರಿತ್ರೆಯ ಒಂದು ಅಧ್ಯಾಯ

ನಮ್ಮ ನಾಡಿನ ಸಾರಿಗೆಯ ಇತಿಹಾಸವೆಂದರೆ ಬಹುಮಟ್ಟಿಗೆ ರಸ್ತೆ, ಸೇತುವೆ, ಪರವಾನಗಿ ಮತ್ತು ಕಾಯಿದೆಗಳ ಇತಿಹಾಸವಾಗಿದೆ. ಕೆಟ್ಟುನಿಂತ ಬಂಡಿಯನ್ನು ದಾರಿಯಲ್ಲಿಯೇ ಸರಿಪಡಿಸಿದ ಮಿಸ್ತ್ರಿಯ ಜ್ಞಾನಕ್ಕೆ ಅದರಲ್ಲಿ ದೊರೆತಿರುವ ಸ್ಥಾನ ಅತ್ಯಲ್ಪ. ಆ ಜ್ಞಾನದ ಒಂದು ಅಂಶವನ್ನು, ಎಂದರೆ ನಾಲ್ಕು ಸಿಲಿಂಡರುಗಳ ಪೆಟ್ರೋಲು ಎಂಜಿನಿನಲ್ಲಿ ಒಂದು ಕೆಲಸಬಿಟ್ಟಾಗ, ಜನರ ಮಾತಿನಲ್ಲಿ ‘ಮಿಸ್ಸಿಂಗ್’ ಆದಾಗ, ಅದನ್ನು ಗುರುತಿಸುತ್ತಿದ್ದ ಕ್ರಮವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಸೀಮೆಯನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ೧೯೯೭ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಬಾಗಲಕೋಟೆಯು ಬಿಜಾಪುರ ಜಿಲ್ಲೆಗೆ ಸೇರಿದ್ದಿತು. ೧೯೫೬ರ ನವೆಂಬರ್ ೧ರವರೆಗೆ ಆ ಜಿಲ್ಲೆಯು ಮುಂಬಯಿಯ ಆಡಳಿತದಲ್ಲಿದ್ದಿತು. ೧೮೮೦ರ ದಶಕದಲ್ಲಿ ಹೋಟಗಿಯಿಂದ ಗದಗಿಗೆ ಹಾಕಿದ ರೈಲುಮಾರ್ಗ ಬಾಗಲಕೋಟೆ, ಬಾದಾಮಿಗಳನ್ನು ಮುಟ್ಟಿತು. ಹುನಗುಂದ, ಇಳಕಲ್ಲುಗಳಿಗಾದರೋ ೨೦ನೆಯ ಶತಮಾನ ಮುಗಿಯುವವರೆಗೂ ರೈಲು ಬರಲಿಲ್ಲ. ನೇಕಾರರ ಊರಾದ ಇಳಕಲ್ಲಿಗೆ ನೂಲು ಬರುವುದೂ ಅಲ್ಲಿಂದ ಸೀರೆ ಹೊರಡುವುದೂ ರಸ್ತೆಯನ್ನೇ ಅವಲಂಬಿಸಿದ್ದವು. ಇಂಥ ದಾರಿಯಲ್ಲಿ, ಅಮೀನಗಡದ ಆಚೆ ಎಲ್ಲಿಯೋ, ಬಂಡಿಯ ಒಂದು ಸಿಲಿಂಡರು ಮೌನವಾದರೆ ಶಕ್ತಿಯ ಕಾಲು ಭಾಗವಾದರೂ ನಷ್ಟವಾಗುತ್ತಿದ್ದಿತು. ಅಷ್ಟೇ ಅಲ್ಲದೆ, ಉರಿಯದೆ ಉಳಿದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು, ಕೆಳಗಿಳಿದು, ಎಂಜಿನಿನ ಎಣ್ಣೆಯನ್ನೇ ತೆಳುವಾಗಿಸುತ್ತಿದ್ದಿತು. ಆದುದರಿಂದ ‘ಹೇಗೋ ಊರು ಮುಟ್ಟಿಸೋಣ’ ಎಂಬ ಧೋರಣೆ ದುಬಾರಿಯಾದುದಾಗಿತ್ತು.

ಶೋಧನಕ್ರಮದ ಮೊದಲ ಘಟ್ಟವನ್ನು ೧೯೦೮ರಿಂದ ೧೯೨೭ರವರೆಗೆ ತಯಾರಾಗಿ ಭಾರತಕ್ಕೂ ಬಂದ ಫೋರ್ಡ್ ಕಂಪನಿಯ ‘ಟಿ’ ಮಾದರಿಯಲ್ಲಿ ಕಾಣಬಹುದು. ಅದರಲ್ಲಿ ಪ್ರತಿಯೊಂದು ಸಿಲಿಂಡರಿಗೂ ಒಂದೊಂದು ಪ್ರತ್ಯೇಕ ಕಾಯಿಲು. ನಾಲ್ಕೂ ಒಂದು ಪೆಟ್ಟಿಗೆಯಲ್ಲಿ ಚಾಲಕನ ಮುಂದೆಯೇ ಇರುತ್ತಿದ್ದವು. ಪ್ರತಿ ಕಾಯಿಲಿನ ಮೇಲೂ ಝೇಂಕರಿಸುವ ಒಂದು ಲೋಹದ ಪಟ್ಟಿ. ಪಟ್ಟಿಯನ್ನು ಬೆರಳಿನಿಂದ ಅದುಮಿ ಹಿಡಿದರೆ ಆ ಸಿಲಿಂಡರಿನ ಕಿಡಿ ನಿಲ್ಲುವುದು. ಆಗ ಎಂಜಿನಿನ ಓಟ ಕುಗ್ಗಿದರೆ ಅದು ಒಳ್ಳೆಯ ಸಿಲಿಂಡರು. ನಾದದಲ್ಲಿ ಏನೂ ವ್ಯತ್ಯಾಸವಾಗದಿದ್ದರೆ ಅದೇ ದೋಷಿ. ತರುವಾಯ ಆ ಕಾಯಿಲನ್ನು ಪಕ್ಕದ ಸ್ಥಾನಕ್ಕೆ ಬದಲಾಯಿಸುವರು. ದೋಷವು ಕಾಯಿಲಿನೊಡನೆ ಸಂಚರಿಸಿದರೆ ಕಾಯಿಲು ಕೆಟ್ಟಿದೆ. ಇದ್ದಲ್ಲಿಯೇ ಉಳಿದರೆ ಪ್ಲಗ್ಗು, ತಂತಿ, ಕಿಡಿಯ ವೇಳೆಯನ್ನು ನಿಯಮಿಸುವ ಭಾಗ ಅಥವಾ ವಾಲ್ವನ್ನು ಶಂಕಿಸಬೇಕು.

ಎರಡನೆಯ ಘಟ್ಟವು ಬ್ಯಾಟರಿಯಿಂದ ಕಿಡಿ ಪಡೆಯುವ ಪದ್ಧತಿಯದು. ಅಮೆರಿಕೆಯ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಈ ಪದ್ಧತಿಯಲ್ಲಿ ಎಲ್ಲ ಸಿಲಿಂಡರುಗಳಿಗೂ ಕಾಯಿಲು ಒಂದೇ. ಡಿಸ್ಟ್ರಿಬ್ಯೂಟರು ಕಿಡಿಯನ್ನು ಸರದಿಯಂತೆ ಹಂಚುವುದು. ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಅಂಬಾಸಡರ್, ಫಿಯೆಟ್ ೧೧೦೦ ಕಾರುಗಳಲ್ಲಿ ಇದ್ದುದು ಇದೇ. ಎರಡರಲ್ಲಿಯೂ ಕಿಡಿಯ ಸರದಿ ೧-೩-೪-೨. ಈ ಬದಲಾವಣೆಯಿಂದ ಮಿಸ್ತ್ರಿಯ ತರ್ಕವೂ ಬದಲಾಯಿತು. ಕಾಯಿಲು, ಪಾಯಿಂಟು, ಕಂಡೆನ್ಸರು ಎಲ್ಲ ಸಿಲಿಂಡರುಗಳಿಗೂ ಸಮಾನವಾದವು. ಅವು ಕೆಟ್ಟರೆ ಎಂಜಿನು ಒಟ್ಟಾರೆ ಮುಗ್ಗರಿಸುವುದು. ಒಂದೇ ಸಿಲಿಂಡರು ಮೌನವಾಗಿದ್ದರೆ ಆ ಸಿಲಿಂಡರಿಗೆ ಮಾತ್ರ ಸೇರಿದ ವಸ್ತುಗಳನ್ನೇ ನೋಡತಕ್ಕದ್ದು.

ಆಗ ಎಂಜಿನು ನಿಧಾನವಾಗಿ ಓಡುತ್ತಿರುವಾಗ ಮರದ ಹಿಡಿಯ ಸ್ಕ್ರೂಡ್ರೈವರಿನಿಂದ ಪ್ಲಗ್ಗಿನ ತಲೆಯನ್ನೂ ಎಂಜಿನಿನ ಮೈಯನ್ನೂ ಒಂದೊಂದಾಗಿ ಕೂಡಿಸಿ ಕಿವಿಗೊಡುವರು. ದೋಷಿ ಸಿಕ್ಕ ಮೇಲೆ ಪ್ಲಗ್ಗನ್ನು ಬಿಚ್ಚಿ ಅದರ ಮುಖವನ್ನು ಓದುವರು. ಎಣ್ಣೆ ಮೆತ್ತಿದ್ದರೆ ರಿಂಗು ಅಥವಾ ವಾಲ್ವಿನ ಗೈಡು ಸವೆದಿರಬಹುದು. ಪೆಟ್ರೋಲಿನಿಂದ ತೊಯ್ದಿದ್ದರೆ ಕಿಡಿ ಬಂದಿಲ್ಲ. ಒಣ ಮಸಿಯಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಪ್ಲಗ್ಗು, ತಂತಿಗಳನ್ನು ಬದಲಾಯಿಸಿದರೂ ಗುಣ ಕಾಣದಿದ್ದರೆ ಹ್ಯಾಂಡಲನ್ನು ಕೈಯಿಂದ ತಿರುವಿ ಒತ್ತಡವನ್ನು ಪರೀಕ್ಷಿಸುವರು. ದುರ್ಬಲ ಸಿಲಿಂಡರಿನ ಸರದಿ ಬಂದಾಗ ಕೈಗೆ ತಡೆ ಸಿಗದು. ಅಕ್ಕಪಕ್ಕದ ಎರಡು ಸಿಲಿಂಡರುಗಳು ಕೂಡಿಯೇ ದುರ್ಬಲವಾಗಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ಟು ಒಡೆದಿರುವ ಸಂಭವ ಹೆಚ್ಚು. ಅಗ್ಗದ ಪರೀಕ್ಷೆ ಮೊದಲು, ಎಂಜಿನು ಬಿಚ್ಚುವುದು ಕೊನೆಗೆ: ಈ ಕ್ರಮ ತಪ್ಪಿದಲ್ಲಿ ಒಂದು ಪ್ಲಗ್ಗಿನ ದೋಷಕ್ಕಾಗಿ ಮಾಲಿಕನು ಇಡೀ ಎಂಜಿನಿನ ಕೂಲಿ ತೆರಬೇಕಾಗುತ್ತಿದ್ದಿತು.

ಇಂದಿನ ಕಾರುಗಳಲ್ಲಿ ಗಣಕವೇ ದೋಷವನ್ನು ಹೇಳುತ್ತದೆ. ಪಿ ೦೩೦೧ ಎಂಬ ಸಂಕೇತ ಬಂದರೆ ಮೊದಲನೆಯ ಸಿಲಿಂಡರು ಮಿಸ್ಸಿಂಗ್ ಎಂದರ್ಥ. ಪಿ ೦೩೦೨ ಎಂದರೆ ಎರಡನೆಯದು. ಆದರೆ ಇಲ್ಲೊಂದು ಗಮನಾರ್ಹ ಸಂಗತಿಯಿದೆ. ಅನೇಕ ಹೊಸ ಎಂಜಿನುಗಳಲ್ಲಿ ಮತ್ತೆ ಪ್ರತಿ ಪ್ಲಗ್ಗಿನ ಮೇಲೂ ಒಂದೊಂದು ಕಾಯಿಲು ಬಂದಿದೆ. ಸಂಕೇತವು ಸಿಲಿಂಡರನ್ನು ಹೆಸರಿಸುವುದೇ ಹೊರತು ಕಾರಣವನ್ನು ಹೇಳದು. ಆದುದರಿಂದ ಮೆಕ್ಯಾನಿಕ್ಕನು ಕಾಯಿಲನ್ನು ಪಕ್ಕದ ಸಿಲಿಂಡರಿಗೆ ಬದಲಾಯಿಸಿ, ಸಂಕೇತವೂ ಅದರೊಡನೆ ಹೋಗುವುದೋ ಎಂದು ನೋಡುತ್ತಾನೆ. ಇದು ‘ಟಿ’ ಮಾದರಿಯ ಕಾಲದ ಯುಕ್ತಿಯಲ್ಲದೆ ಬೇರೆಯಲ್ಲ.

ಮೇಲಿನ ವಿವೇಚನೆಯಿಂದ ಎರಡು ಮಾತು ಸ್ಪಷ್ಟವಾಗುತ್ತವೆ. ‘ಯಾವುದು’ ಎಂಬ ಪ್ರಶ್ನೆಗೆ ಉತ್ತರಿಸುವ ಸಾಧನ ಬೆರಳಿನಿಂದ ಕಿವಿಗೆ, ಕಿವಿಯಿಂದ ಗಣಕಕ್ಕೆ ಬದಲಾಯಿತು. ‘ಏಕೆ’ ಎಂಬ ಪ್ರಶ್ನೆಗೆ ಉತ್ತರಿಸುವ ತರ್ಕ ಬದಲಾಗಲಿಲ್ಲ. ಅಂಬಾಸಡರಿನ ತಯಾರಿಕೆ ೨೦೧೪ರಲ್ಲಿ ನಿಂತಿತು. ಅದನ್ನು ಕಿವಿಯಿಂದಲೇ ಪರೀಕ್ಷಿಸಬಲ್ಲ ಮಿಸ್ತ್ರಿಗಳು ಈಗ ವೃದ್ಧರು. ಬಾಗಲಕೋಟೆಯಲ್ಲಿ ೧೯೬೩ರಿಂದ ಎಂಜಿನಿಯರಿಂಗ್ ಕಾಲೇಜು ಇದೆ. ಎಂಜಿನಿನ ಶಾಸ್ತ್ರಕ್ಕೆ ಪಠ್ಯಗ್ರಂಥಗಳಿಗೆ ಕೊರತೆಯಿಲ್ಲ. ಮಿಸ್ತ್ರಿಯ ಶಬ್ದಸಂಪತ್ತಿಗೂ ಶೋಧನಕ್ರಮಕ್ಕೂ ಗ್ರಂಥವಿಲ್ಲ. ಹುನಗುಂದ, ಇಳಕಲ್ಲು, ಬಾದಾಮಿಗಳ ಗ್ಯಾರೇಜುಗಳಲ್ಲಿ ಅವರ ಮಾತನ್ನು ಅವರದೇ ನುಡಿಯಲ್ಲಿ ಬರೆದಿಡುವ ಕಾರ್ಯ, ಶಾಸನಗಳ ಪ್ರತಿ ತೆಗೆಯುವ ಕಾರ್ಯದಷ್ಟೇ ಜರೂರಾದುದು; ಏಕೆಂದರೆ ಶಿಲೆ ಕಾಯಬಲ್ಲದು, ಮನುಷ್ಯನ ಆಯುಷ್ಯ ಕಾಯಲಾರದು.